ದ್ರಾವಕ ನಷ್ಟ ಎಲ್ಲಿಗೆ ಹೋಗುತ್ತದೆ?

ಎಣ್ಣೆ ಕಾರ್ಖಾನೆಗಳ ದಾಸ್ತಾನು ವಹಿಯಲ್ಲಿ ‘ಹೆಕ್ಸೇನ್ ಆವಿ ನಷ್ಟ’ ಎಂಬ ಬಾಬ್ತು ಇರುತ್ತದೆ. ಪ್ರಮಾಣ ಹಿಂದಿನ ವರ್ಷದಷ್ಟೇ ಇದ್ದರೆ ನಾವು ಲೆಕ್ಕ ಪರಿಶೋಧಕರು ಸಹಿ ಹಾಕಿ ಮುಂದುವರಿಯುತ್ತೇವೆ. ಬಹುಪಾಲು ಹಿಂಡಿಯೊಡನೆಯೋ ಗಾಳಿಗೋ ಹೋಗುತ್ತದೆ, ನಿಜ. ಉಳಿದದ್ದು ಎಲ್ಲಿಗೆ ಹೋಯಿತೆಂದು ನಾನಂತೂ ಬಹುಕಾಲ ಕೇಳಿರಲಿಲ್ಲ.

ಅಮೆರಿಕದ ಲೂಯಿವಿಲ್ ನಗರದಲ್ಲಿ ಅದು ಒಳಚರಂಡಿ ಸೇರಿತ್ತು. ಸೋಯಾ ಕಾರ್ಖಾನೆಯೊಂದರಿಂದ ಹರಿದ ಹೆಕ್ಸೇನ್, 1981ರ ಫೆಬ್ರವರಿ 13ರ ಮುಂಜಾನೆ ಕಾರೊಂದರ ಕಿಡಿಗೆ ಹೊತ್ತಿಕೊಂಡು, ಸುಮಾರು 3 ಕಿಲೋಮೀಟರ್ ಕೊಳವೆಮಾರ್ಗವನ್ನು ಸಿಡಿಸಿತು. ಪ್ರಾಣಹಾನಿಯಾಗದ್ದು ಆ ಊರಿನ ಪುಣ್ಯ. ಮೆಕ್ಸಿಕೋದ ಗ್ವಾಡಲಹಾರಕ್ಕೆ ಆ ಪುಣ್ಯವಿರಲಿಲ್ಲ. ಅಲ್ಲಿ ತುಕ್ಕು ಹಿಡಿದ ಪೆಟ್ರೋಲ್ ಕೊಳವೆ ಚರಂಡಿಗೆ ಸೋರಿತು. ವಾಸನೆ ಬರುತ್ತಿದೆಯೆಂದು ನಿವಾಸಿಗಳು ಮೊದಲೇ ದೂರಿದ್ದರು. 1992ರ ಏಪ್ರಿಲ್ 22ರಂದು 200ಕ್ಕೂ ಹೆಚ್ಚು ಜನ ಸತ್ತರು.

ಸಿಡಿಯದ ಆವಿಯೂ ನಿರಪಾಯಕಾರಿಯಲ್ಲ. ಡ್ರೈಕ್ಲೀನಿಂಗ್‌ನಲ್ಲಿ ಬಳಸುವ ಟೆಟ್ರಾಕ್ಲೋರೋಎಥಿಲೀನ್ ನೆಲಕ್ಕಿಳಿದರೆ, ಬಿರುಕುಬಿಟ್ಟ ಚರಂಡಿ ಕೊಳವೆಯನ್ನು ಹೊಕ್ಕು, ನೀರಾರಿದ ನಹಾನಿ ಟ್ರ್ಯಾಪಿನ ಮೂಲಕ ಯಾರದೋ ಬಚ್ಚಲುಮನೆಗೆ ಏರಬಲ್ಲದು. ಅದು ಕ್ಯಾನ್ಸರ್‌ಕಾರಕವಾಗಿರುವ ಸಂಭವವುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ವರ್ಗೀಕರಿಸಿದೆ. ಟ್ರ್ಯಾಪಿಗೆ ಒಂದು ತಂಬಿಗೆ ನೀರು ಸುರಿದರೆ ಆ ದಾರಿ ಮುಚ್ಚುತ್ತದೆ; ಆದರೆ ನಮ್ಮ ನಷ್ಟಕ್ಕೆ ಆ ಮನೆಯವರೇಕೆ ಕಾವಲಿರಬೇಕು?

ಆದಾಯವನ್ನು ನಮ್ಮ ವಹಿಯಲ್ಲಿ ಬರೆದು, ವೆಚ್ಚವನ್ನು ನೆರೆಯವರ ಮನೆಗೆ ಕಳುಹಿಸುವುದು ಲೆಕ್ಕಪತ್ರವೆನಿಸದು. ಈಗ ನಾನು ದ್ರಾವಕದ ತೂಕದೊಡನೆ ಕಾರ್ಖಾನೆಯ ಚರಂಡಿ ಪರೀಕ್ಷೆಯ ವರದಿಯನ್ನೂ ಕೇಳುತ್ತೇನೆ. ಕಕ್ಷಿದಾರರೊಬ್ಬರು ನಕ್ಕರು. ಇನ್ನೊಬ್ಬರು ಹಳೆಯ ಟ್ಯಾಂಕಿನ ಬುಡವನ್ನು ಅಗೆಸಿ ನೋಡಿದರು.