ಹೊಡೆದವರು ಯಾರು? ಇಂಗ್ಲಿಷಿನಲ್ಲಿ ಹೇಳಿ



ಇಂಗ್ಲಿಷ್ ಪೇಪರಿನಲ್ಲಿ ಒಂದು ಪ್ರಶ್ನೆ ಇರುತ್ತದೆ. ನಾಲ್ಕಾರು ಸುಳಿವಿನ ಮಾತು ಕೊಟ್ಟು, ಇವನ್ನು ಬೆಳೆಸಿ ಕತೆ ಬರೆಯಿರಿ ಅನ್ನುತ್ತಾರೆ. ನಮ್ಮ ಹಾಸ್ಟೆಲ್ ಹುಡುಗರು ಗೈಡ್ ಹಿಡಿದು ಬಾಯಾರಿದ ಕಾಗೆ, ಆಮೆ ಮತ್ತು ಮೊಲ ಬಾಯಿಪಾಠ ಮಾಡಿ ಹೋಗುತ್ತಾರೆ. ಸುಳಿವು ಬದಲಾದರೆ ಮುಗೀತು, ಪೆನ್ನು ನಿಂತೇ ಬಿಡುತ್ತದೆ. 'ಇಂಗ್ಲಿಷ್ ನಮಗ ಹತ್ತೂದಿಲ್ರಿ' ಅಂತ ಸತ್ತಿ, ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಎಷ್ಟೋ ಹುಡುಗರು ಅಲ್ಲಿಗೇ ಕೈ ಚೆಲ್ಲುತ್ತಾರೆ.

ಈ ಮಾತನ್ನು ನಾವು ಒಪ್ಪುವುದಿಲ್ಲ. ನಮ್ಮವರಿಗೆ ಕತೆ ಹೇಳಾಕ ಬರೂದಿಲ್ಲೇನು? 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ನಮ್ಮ ತಾಲೂಕಿನ ಊರುಗಳಿಗೆ ನುಗ್ಗಿದ್ದನ್ನು ಕೇರಿಯ ಯಾವ ಅವ್ವನನ್ನು ಬೇಕಾದರೂ ಕೇಳಿ. ಮೊದಲು ಏನಾಯಿತು, ಆಮೇಲೆ ಏನಾಯಿತು, ಯಾರು ಬಂದರು, ಯಾರು ಬರಲಿಲ್ಲ, ದನ ಎಲ್ಲಿ ಕಟ್ಟಿದರು, ಒಂದೂ ಬಿಡದೆ ಸಾಲಾಗಿ ಹೇಳುತ್ತಾಳೆ. ಕಥನ ಅಂದರೆ ಅಷ್ಟೇ. ಯಾರು, ಯಾವಾಗ, ಎಲ್ಲಿ, ಮೊದಲು ಏನು, ನಂತರ ಏನು, ಯಾಕೆ. ಈ ಆರು ಗೂಟ ಸರಿಯಾಗಿ ನೆಟ್ಟರೆ ಕತೆ ನಿಲ್ಲುತ್ತದೆ. ನಮ್ಮಲ್ಲಿ ಕತೆಗೇನೂ ಬರವಿಲ್ಲ. ಕನ್ನಡದ ವಾಕ್ಯ ಇಂಗ್ಲಿಷಿಗೆ ಹೋಗುವಾಗ ಒಂದು ಕಡೆ ಎಡವುತ್ತದೆ, ಆ ಕಡೆಯನ್ನು ಯಾರೂ ನಮಗೆ ತೋರಿಸಿ ಕೊಟ್ಟಿಲ್ಲ.

ಅದನ್ನು ಇಲ್ಲಿ ನೋಡೋಣ. ಕನ್ನಡದಲ್ಲಿ 'ಹೋದೆ' ಅಂದರೆ ಸಾಕು, ನಾನು ಅಂತ ಗೊತ್ತಾಗುತ್ತದೆ. 'ಹೋದ', 'ಹೋದಳು', 'ಹೋದರು', ಎಲ್ಲದಕ್ಕೂ ಬಾಲದಲ್ಲೇ ಆಳು ಕೂತಿದ್ದಾನೆ. ಇಂಗ್ಲಿಷಿನ 'ವೆಂಟ್' ಯಾರಿಗೂ ಬದಲಾಗುವುದಿಲ್ಲ. 'ಐ ವೆಂಟ್', 'ಹೀ ವೆಂಟ್', 'ದೇ ವೆಂಟ್'. ಮುಂದಿನ ಆಳನ್ನು ಬಿಟ್ಟರೆ ಹೋದವರು ಯಾರೆಂದು ದೇವರಿಗೂ ತಿಳಿಯದು. ಆದ್ದರಿಂದ ಇಂಗ್ಲಿಷಿನಲ್ಲಿ ಮೊದಲು ಮಾಡಿದವನು, ಅವನ ಬೆನ್ನಿಗೇ ಮಾಡಿದ ಕೆಲಸ, ಉಳಿದದ್ದೆಲ್ಲ ಆಮೇಲೆ. ಕನ್ನಡದ ಹಾಗೆ ಕೆಲಸವನ್ನು ಕೊನೆಗೆ ಇಟ್ಟುಕೊಂಡು ಕೂತರೆ ವಾಕ್ಯ ಕುಂಟುತ್ತದೆ.

ಇನ್ನೊಂದು. ದಿನಾ ನಡೆಯುತ್ತಿದ್ದದ್ದು ಬೇರೆ, ಒಂದು ದಿನ ನಡೆದದ್ದು ಬೇರೆ. 'ಚಾದಂಗಡ್ಯಾಗ ಬ್ಯಾರೆ ಕಪ್ಪಿನ್ಯಾಗ ಕೊಡ್ತಿದ್ರು' ಅನ್ನುವುದು ರೂಢಿ. ಇಂಗ್ಲಿಷಿನಲ್ಲಿ ಅದಕ್ಕೆ 'ಯೂಸ್ಡ್ ಟು' ಬೇಕು. 'ಒಂದಿನ ನಾವು ಆ ಕಪ್ಪು ಬ್ಯಾಡ ಅಂದ್ವಿ' ಅನ್ನುವುದು ಘಟನೆ. ರೂಢಿ ಎಲ್ಲಿ ಮುರಿಯಿತೋ ಅಲ್ಲಿಂದ ಕತೆ ಶುರು. ಎರಡನ್ನೂ ಕಲಸಿ ಬರೆದರೆ ಓದುವವನಿಗೆ ದಿಕ್ಕು ತಪ್ಪುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮಾಡಿದವನನ್ನು ಮುಂದೆ ನಿಲ್ಲಿಸು ಅನ್ನುವ ಇದೇ ಇಂಗ್ಲಿಷಿನಲ್ಲಿ ಮಾಡಿದವನನ್ನು ಬಚ್ಚಿಡುವ ಉಪಾಯವೂ ಇದೆ. ಅದರ ಹೆಸರು ಪ್ಯಾಸಿವ್ ವಾಯ್ಸ್. 1981ರ ಏಪ್ರಿಲಿನಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಬೆಲೆ ಕೇಳಿ ರಸ್ತೆಯಲ್ಲಿ ಕೂತಾಗ ಪೋಲೀಸರು ಗುಂಡು ಹಾರಿಸಿದರು, ರೈತರು ಸತ್ತರು. 'ದಿ ಪೋಲೀಸ್ ಫೈರ್ಡ್' ಅಂದರೆ ಹಾರಿಸಿದವರು ಕಾಣುತ್ತಾರೆ. 'ಶಾಟ್ಸ್ ವರ್ ಫೈರ್ಡ್' ಅಂದರೆ ಗುಂಡುಗಳು ತಾವಾಗಿಯೇ ಹಾರಿದಂತೆ ಆಯಿತು. ಪರೀಕ್ಷೆಗಾಗಿ ಆಕ್ಟಿವ್ವನ್ನು ಪ್ಯಾಸಿವ್ ಮಾಡುವುದನ್ನು ಕಲಿಸುತ್ತಾರೆ. ಹಾಗೆ ಮಾಡಿದಾಗ ಯಾರು ಮಾಯವಾದರು ಅಂತ ಕೇಳುವುದನ್ನು ನಾವೇ ಕಲಿಯಬೇಕು.

ಕಥನವನ್ನು ಯಾರಿಂದ ಕಲಿಯಬೇಕು ಅಂತ ಕೇಳುವವರಿಗೆ ನಾವು ಬಾಬಾಸಾಹೇಬರನ್ನು ತೋರಿಸುತ್ತೇವೆ. ಅವರು ನಮಗೆ ದೂರದವರಲ್ಲ. 1925ರಲ್ಲಿ ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತರ ಪರಿಷತ್ತಿಗೆ ಬಂದು ಅಧ್ಯಕ್ಷತೆ ವಹಿಸಿದ್ದರು. ಧಾರವಾಡದಲ್ಲಿ ನಮ್ಮ ಹುಡುಗರಿಗಾಗಿ ಅವರು ಹಾಸ್ಟೆಲ್ ತೆರೆದರು. ಅದನ್ನು ನೋಡಿಕೊಂಡವರು ಬಳವಂತರಾವ್ ವರಾಳೆ. ಬಾಬಾಸಾಹೇಬರ ಮನೆಮಾತು ಮರಾಠಿ, ಇಂಗ್ಲಿಷ್ ಅವರಿಗೂ ಶಾಲೆಯಲ್ಲಿ ಕಲಿತ ಭಾಷೆಯೇ. ಆ ಇಂಗ್ಲಿಷಿನಲ್ಲಿ 1935ರ ಸುಮಾರಿಗೆ ಅವರು 'ವೇಟಿಂಗ್ ಫಾರ್ ಎ ವೀಸಾ' ಎಂಬ ಸಣ್ಣ ಬರಹ ಬರೆದರು. ಅವರು ಇರುವ ತನಕ ಅದು ಅಚ್ಚಾಗಲಿಲ್ಲ. 1990ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಪ್ರಕಟಿಸಿತು. ಅವರು ಓದಿದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅದನ್ನು ಪಾಠವಾಗಿ ಓದಿಸಿದ್ದಾರೆ.

ಅದರಲ್ಲಿ 1901ರ ಒಂದು ಪ್ರಯಾಣವಿದೆ. ಮನೆಯ ಹುಡುಗರು ಕೂಡಿ ಬೇರೆ ಊರಿನಲ್ಲಿ ನೌಕರಿಯಲ್ಲಿದ್ದ ತಂದೆಯನ್ನು ನೋಡಲು ಸಾತಾರದಿಂದ ಹೊರಟಿದ್ದಾರೆ. ಮೊದಲಿಗೆ ಹುಡುಗರ ಹೊಸ ಅಂಗಿ, ಟೋಪಿ, ರೇಲ್ವೆ ಹತ್ತುವ ಖುಷಿ ಬರುತ್ತದೆ. ಮಸೂರ ಸ್ಟೇಷನ್ನಿನಲ್ಲಿ ಇಳಿದಾಗ ಕರೆಯಲು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರ ಮೆತ್ತಗೆ ವಿಚಾರಿಸುತ್ತಾನೆ. ಮಹಾರರು ಅಂತ ತಿಳಿದ ಕೂಡಲೆ ಅವನ ಮುಖ ಬದಲಾಗುತ್ತದೆ. ದುಪ್ಪಟ್ಟು ಬಾಡಿಗೆ ಕೊಟ್ಟರೂ ಗಾಡಿಯವನು ಅವರ ಜತೆ ಕೂರಲು ಒಲ್ಲೆ ಅನ್ನುತ್ತಾನೆ. ಹುಡುಗರೇ ಗಾಡಿ ಹೊಡೆಯಬೇಕು, ಅವನು ನಡೆಯುತ್ತಾನೆ. ಬುತ್ತಿ ಇದೆ, ನೀರು ಇಲ್ಲ. ನೀರಿಲ್ಲದೆ ಬುತ್ತಿ ಉಣ್ಣಲಾಗದೆ ರಾತ್ರಿ ಹಸಿದೇ ಮಲಗುತ್ತಾರೆ. ತಂದೆ ಯಾಕೆ ಬರಲಿಲ್ಲ ಅನ್ನುವುದು ನಮಗೆ ತಿಳಿಯುವುದು ಪ್ರಯಾಣ ಮುಗಿದ ಮೇಲೆ. ಆಳುಮಗ ಕಾಗದ ಕೊಡುವುದನ್ನೇ ಮರೆತಿದ್ದ.

ಇಲ್ಲಿ ಕಲಿಯುವುದು ಏನು? ಅನ್ಯಾಯ ಅನ್ನುವ ಮಾತನ್ನು ಮೊದಲೇ ಕೂಗಿಲ್ಲ. ಖುಷಿಯನ್ನು ಮೊದಲು ಇಟ್ಟಿದ್ದಾರೆ, ಅದಕ್ಕೇ ಆ ಮುಖ ಬದಲಾದಾಗ ನಮ್ಮ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸ್ಟೇಷನ್ನಿನ ಹೆಸರಿದೆ, ಬಾಡಿಗೆಯ ಲೆಕ್ಕವಿದೆ, ಯಾರು ಏನು ಮಾಡಿದರು ಅನ್ನುವುದಿದೆ. ಗೈಡಿನ ಕಾಗೆಗೆ ಕೊಡ ಸಿಕ್ಕಿತು, ಜಾತಿ ಯಾವುದು ಅಂತ ಯಾರೂ ಕೇಳಲಿಲ್ಲ. ಈ ಹುಡುಗರ ಬಾಯಾರಿಕೆಯ ಕತೆಯನ್ನೂ ನಾವು ಕಾಗೆಯ ಕತೆಯಷ್ಟೇ ಸಲೀಸಾಗಿ ಇಂಗ್ಲಿಷಿನಲ್ಲಿ ಹೇಳುವಂತಾಗಬೇಕು. ಬಾಬಾಸಾಹೇಬರು ತಮ್ಮ ಕತೆಗೇ ನಿಲ್ಲಲಿಲ್ಲ ಎಂಬುದನ್ನೂ ಗಮನಿಸಿ. ಬಾಣಂತಿ ಹೆಂಡತಿಯನ್ನು ಮುಟ್ಟಿ ನೋಡಲು ಡಾಕ್ಟರ್ ಒಪ್ಪದೆ ಆಕೆಯನ್ನು ಕಳಕೊಂಡ ಕಾಠಿಯಾವಾಡದ ಮಾಸ್ತರನ ಕತೆಯನ್ನೂ ಅದೇ ಬರಹದಲ್ಲಿ ಸೇರಿಸಿದ್ದಾರೆ.

ಇಂಗ್ಲಿಷ್ ಅಂದರೆ ಕನ್ನಡಕ್ಕೆ ದ್ರೋಹ ಅಂತ ಕೆಲವರು ಹುಬ್ಬು ಗಂಟಿಕ್ಕುತ್ತಾರೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ, ದಲಿತ ಹುಡುಗರು ಇಂಗ್ಲಿಷ್ ಕಲಿಯಲಿ ಎಂಬರ್ಥದ ಮಾತಾಡಿದ್ದಕ್ಕೆ ಏನೇನಾಯಿತು ಅಂತ ಚಳುವಳಿಯ ಹಿರಿಯರು ಹೇಳುತ್ತಾರೆ. ದಲಿತ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಆ ಬೆಂಕಿಯಿಂದಲೇ ದಲಿತ ಸಂಘರ್ಷ ಸಮಿತಿ ಎದ್ದು ಬಂತು. ನಾವು ಕನ್ನಡ ಬಿಡುವವರಲ್ಲ. ವಿಜಾಪುರ ಕಡೆಯ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ' ಕನ್ನಡದಲ್ಲೇ ಹುಟ್ಟಿ ಇಂಗ್ಲಿಷಿಗೂ ಹೋದವು. ಎರಡು ಕಾಲಿದ್ದವನು ಒಂದೇ ಕಾಲಲ್ಲಿ ಯಾಕೆ ಕುಂಟಬೇಕು?

ಇದು ಬರೀ ಮಾರ್ಕಿನ ಮಾತೂ ಅಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಜಾತಿ ಎತ್ತಿ ಅವಮಾನ ಮಾಡಿದ ಕೇಸು ನಿಲ್ಲಬೇಕಾದರೆ ಅದು ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ನಡೆಯಿತು ಅನ್ನುವುದು ಬರಬೇಕು. 'ಬೈದರು, ಹೊಡೆದರು' ಅಂತಷ್ಟೇ ಬರೆಸಿದರೆ ಯಾರು, ಎಲ್ಲಿ, ಯಾರ ಎದುರು ಅಂತ ವಕೀಲ ಕೇಳುತ್ತಾನೆ. ಬಾಯಲ್ಲಿ ಹೇಳಿದ ಫಿರ್ಯಾದಿಯನ್ನು ಠಾಣೆಯ ಅಧಿಕಾರಿ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಂಡು, ಪ್ರತಿಯನ್ನು ಪುಕ್ಕಟೆ ಕೊಡಬೇಕೆಂದು 1995ರ ನಿಯಮಗಳು ಹೇಳುತ್ತವೆ. ಓದಿ ಹೇಳುವಾಗ ಕಿವಿಗೊಟ್ಟು ಕೇಳಿ. ನಿಮ್ಮ ಕತೆಯ ಆರು ಗೂಟ ಅಲ್ಲಿವೆಯೋ ಇಲ್ಲವೋ ನೋಡಿ. ಅದೇ ಕೇಸು ನಾಳೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದರೆ ನಮ್ಮ ಅವ್ವನ ಮಾತು ಇಂಗ್ಲಿಷ್ ಆಗಿರುತ್ತದೆ. ಆ ಇಂಗ್ಲಿಷಿನಲ್ಲಿ ಹೊಡೆದವನು ಉಳಿದಿದ್ದಾನೋ, ಪ್ಯಾಸಿವ್ ಆಗಿ ಮಾಯವಾಗಿದ್ದಾನೋ ಅಂತ ಓದಿ ಹೇಳಲು ಕೇರಿಯಲ್ಲಿ ಒಬ್ಬನಾದರೂ, ಒಬ್ಬಳಾದರೂ ಇರಬೇಕಲ್ಲವೇ?

ಆದ್ದರಿಂದ ನಮ್ಮ ಸೂಚನೆ ಇಷ್ಟು. ವಾರಕ್ಕೊಂದು ರಾತ್ರಿ ಊಟವಾದ ಮೇಲೆ ಹಾಸ್ಟೆಲ್ಲಿನಲ್ಲಿ ಹತ್ತು ಮಂದಿ ಕೂತುಕೊಳ್ಳಿ. 'ವೇಟಿಂಗ್ ಫಾರ್ ಎ ವೀಸಾ'ದ ಒಂದೊಂದು ಪುಟ ಜೋರಾಗಿ ಓದಿ. ಯಾರು, ಯಾವಾಗ, ಎಲ್ಲಿ ಅಂತ ಪೆನ್ಸಿಲ್ಲಿನಿಂದ ಗುರುತು ಹಾಕಿ. ಆಮೇಲೆ ಪ್ರತಿಯೊಬ್ಬರೂ ತಮ್ಮ ಕಣ್ಣೆದುರು ನಡೆದ ಒಂದು ಸಂಗತಿಯನ್ನು ಹತ್ತು ವಾಕ್ಯದಲ್ಲಿ ಬರೆಯಿರಿ. ಮೊದಲು ಕನ್ನಡದಲ್ಲಿ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ. ಸ್ಪೆಲ್ಲಿಂಗ್ ತಪ್ಪಿದರೆ ನಗಬೇಡಿ, ತಿದ್ದಿ. ಮಾಡಿದವನ ಹೆಸರು ಬಿಟ್ಟುಹೋಗಿದ್ದರೆ ಮಾತ್ರ ಬಿಡಬೇಡಿ, ಕೇಳಿ. ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲೂ ಇದು ನಡೆಯಲಿ. ಅವರ ಹತ್ತಿರ ಇರುವ ಕತೆಗಳು ನಮ್ಮ ಹತ್ತಿರ ಇಲ್ಲ.

ಬರೆದದ್ದನ್ನು ಸಭೆಗೆ ತನ್ನಿ. ಓದೋಣ.

ಜೈ ಭೀಮ್.