ಸ್ವಾಪಿನೆಸ್ 60 ಎಂದರೆ ಶೇಕಡಾ 60 ಅಲ್ಲ: ಕರ್ನೆಲ್ ಸೆಟ್ಟಿಂಗ್‌ಗಳು ನಮ್ಮ ಕೈಗೆ ಎಲ್ಲಿ ಸಿಗಬೇಕು?

ಲಿನಕ್ಸ್ ಬಳಸುವವರಿಗೆ ಒಂದಲ್ಲ ಒಂದು ದಿನ ಈ ಸಲಹೆ ಸಿಕ್ಕೇ ಸಿಗುತ್ತದೆ: "ಲ್ಯಾಪ್‌ಟಾಪ್ ನಿಧಾನವಾಗಿದೆಯಾ? ಸ್ವಾಪಿನೆಸ್ 60 ಇದೆ, ಅದನ್ನು 10 ಮಾಡಿ." ಜೊತೆಗೊಂದು ವಿವರಣೆಯೂ ಇರುತ್ತದೆ. 60 ಎಂದರೆ ಮೆಮೊರಿ ಶೇಕಡಾ 40 ತುಂಬುತ್ತಿದ್ದಂತೆ ಕಂಪ್ಯೂಟರ್ ಅದರಲ್ಲಿರುವುದನ್ನು ಡಿಸ್ಕಿಗೆ ಸಾಗಿಸತೊಡಗುತ್ತದಂತೆ. 10 ಮಾಡಿದರೆ ಶೇಕಡಾ 90 ತುಂಬುವವರೆಗೆ ಕಾಯುತ್ತದಂತೆ. ಕೇಳಲು ಸರಿಯಾಗಿಯೇ ಇದೆ. ಆದರೆ ಇದು ತಪ್ಪು.

ನಿಜ ಸಂಗತಿ ಹೀಗಿದೆ. ಮೆಮೊರಿಯಲ್ಲಿ ಜಾಗ ಸಾಲದೆ ಬಂದಾಗ ಅದನ್ನು ತೆರವು ಮಾಡಲು ಕರ್ನೆಲ್ ಎದುರು ಎರಡು ದಾರಿಗಳಿರುತ್ತವೆ. ಡಿಸ್ಕಿನಿಂದ ಓದಿ ಇಟ್ಟುಕೊಂಡ ಫೈಲುಗಳ ಪ್ರತಿಯನ್ನು ಬಿಟ್ಟುಬಿಡಬಹುದು, ಬೇಕಾದರೆ ಮತ್ತೆ ಓದಿದರಾಯಿತು. ಇಲ್ಲವೇ ನಡೆಯುತ್ತಿರುವ ಪ್ರೋಗ್ರಾಮುಗಳ ಮೆಮೊರಿಯನ್ನು ಡಿಸ್ಕಿನಲ್ಲಿ ಮೀಸಲಿಟ್ಟ 'ಸ್ವಾಪ್' ಜಾಗಕ್ಕೆ ಬರೆಯಬಹುದು. ಈ ಎರಡರಲ್ಲಿ ಯಾವುದು ಎಷ್ಟು ದುಬಾರಿ ಎಂಬ ಅಂದಾಜೇ ಸ್ವಾಪಿನೆಸ್. 2020ರಲ್ಲಿ ಬಂದ 5.8 ಆವೃತ್ತಿಯಿಂದ ಅದರ ಅಳತೆ 0ಯಿಂದ 200ರವರೆಗೆ ಹೋಗುತ್ತದೆ. 100 ಎಂದರೆ ಎರಡೂ ಸಮ ಎಂದರ್ಥ. ಇನ್ನೂರರವರೆಗೆ ಹೋಗುವ ಅಳತೆ ಶೇಕಡಾವಾರು ಆಗುವುದಾದರೂ ಹೇಗೆ? ಮೆಮೊರಿಗೆ ಬರವೇ ಇಲ್ಲದಿದ್ದರೆ ಈ ಸಂಖ್ಯೆ ಎಷ್ಟಿದ್ದರೂ ನಿಮಗೆ ವ್ಯತ್ಯಾಸ ತಿಳಿಯುವುದಿಲ್ಲ.

ಇಂಥ ತಪ್ಪು ತಿಳಿವಳಿಕೆಗೆ ಬಳಕೆದಾರರನ್ನು ದೂರುವುದು ಸುಲಭ. ಸಂವಹನ ಓದಿದವಳಾಗಿ ನನಗೆ ತಪ್ಪು ಬೇರೆಡೆ ಕಾಣುತ್ತದೆ. ಮನೆಯ ವಿದ್ಯುತ್ತನ್ನೇ ನೋಡಿ. ಫ್ಯಾನಿನ ರೆಗ್ಯುಲೇಟರ್ ಗೋಡೆಯ ಮೇಲೆ ಎಲ್ಲರ ಕೈಗೂ ಎಟುಕುವಂತಿರುತ್ತದೆ, ಏಕೆಂದರೆ ತಿರುಗಿಸಿದ ಕೂಡಲೇ ಏನಾಯಿತೆಂದು ಗೊತ್ತಾಗುತ್ತದೆ. ಎಂಸಿಬಿ ಮುಚ್ಚಳವಿರುವ ಪೆಟ್ಟಿಗೆಯಲ್ಲಿದೆ. ರಸ್ತೆಬದಿಯ ಟ್ರಾನ್ಸ್‌ಫಾರ್ಮರಿಗೆ ಬೇಲಿಯೇ ಇದೆ. ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳು. ಪ್ರೊಸೆಸರ್, ಮೆಮೊರಿ, ನೆಟ್‌ವರ್ಕನ್ನು ಯಾರಿಗೆ ಎಷ್ಟು ಹಂಚಬೇಕೆಂದು ತೀರ್ಮಾನಿಸುವುದು ಅದೇ. ಅದರ ಗುಂಡಿಗಳಲ್ಲಿ ರೆಗ್ಯುಲೇಟರ್ ತರಹದವು ಕೆಲವು, ಟ್ರಾನ್ಸ್‌ಫಾರ್ಮರ್ ತರಹದವು ಬಹಳ.

ಲಿನಕ್ಸ್ ಇವುಗಳಲ್ಲಿ ನೂರಾರನ್ನು 'ಪ್ರೋಕ್' ಎಂಬ ಫೋಲ್ಡರಿನ ಒಳಗೆ ಫೈಲುಗಳಂತೆ ತೋರಿಸುತ್ತದೆ. ಅವು ಡಿಸ್ಕಿನಲ್ಲಿರುವ ಫೈಲುಗಳಲ್ಲ. ನೀವು ತೆರೆದಾಗ ಕರ್ನೆಲ್ ಆ ಕ್ಷಣಕ್ಕೆ ಉತ್ತರ ಕೊಡುತ್ತದೆ, ಅಡ್ಮಿನ್ ಅಧಿಕಾರದಿಂದ ಸಂಖ್ಯೆ ಬರೆದರೆ ನಡೆಯುತ್ತಿರುವ ವ್ಯವಸ್ಥೆ ತಕ್ಷಣ ಬದಲಾಗುತ್ತದೆ. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದರೆ ಎಲ್ಲ ಹಳೆಯದಕ್ಕೆ ಮರಳುತ್ತದೆ. ಶಾಶ್ವತವಾಗಿ ಬೇಕೆಂದರೆ ಬೇರೊಂದು ಫೈಲಿನಲ್ಲಿ ಬರೆದಿಡಬೇಕು. ಈ ತಾತ್ಕಾಲಿಕತೆ ಬಹಳ ಒಳ್ಳೆಯ ರಕ್ಷಣೆ ಎನ್ನುವುದು ನನ್ನ ಅನಿಸಿಕೆ. ಆದರೆ ಸ್ವಾಪಿನೆಸ್ ಫೈಲನ್ನು ತೆರೆದರೆ ಕಾಣುವುದು 60 ಎಂಬ ಸಂಖ್ಯೆ ಮಾತ್ರ. ಏನಿದು, ಯಾವ ಅಳತೆ, ಎಷ್ಟರವರೆಗೆ ಹೋಗಬಹುದು ಎಂಬ ಒಂದು ಪದವೂ ಅಲ್ಲಿಲ್ಲ. ವಿವರಣೆ ಬೇರೆಲ್ಲೋ ಇರುವ ದಾಖಲೆಯಲ್ಲಿದೆ. ಆ ಖಾಲಿ ಜಾಗದಲ್ಲಿಯೇ "ಶೇಕಡಾ 60" ಕಥೆ ಹುಟ್ಟಿದ್ದು.

ವಿಂಡೋಸ್‌ನಲ್ಲೂ ಹೀಗೇ ಆಗಿತ್ತು. ಎಕ್ಸ್‌ಪಿ ಕಾಲದಲ್ಲಿ ಗ್ರೂಪ್ ಪಾಲಿಸಿಯೊಳಗಿನ ಒಂದು ಸೆಟ್ಟಿಂಗ್ ನೋಡಿ, ಮೈಕ್ರೋಸಾಫ್ಟ್ ನಮ್ಮ ಇಂಟರ್ನೆಟ್ ವೇಗದ ಶೇಕಡಾ 20 ನುಂಗುತ್ತಿದೆ ಎಂಬ ಸುದ್ದಿ ಹರಡಿತು. ಆದ್ಯತೆ ಕೇಳುವ ಪ್ರೋಗ್ರಾಮ್ ಇದ್ದಾಗ ಮಾತ್ರ ಆ ಮಿತಿ ಅನ್ವಯಿಸುತ್ತದೆ ಎಂದು ಕಂಪನಿಯೇ ಸ್ಪಷ್ಟೀಕರಣ ಕೊಡಬೇಕಾಯಿತು.

ಇವುಗಳಿಂದ ಹೆಚ್ಚೆಂದರೆ ಸಮಯ ಹಾಳು. ಗುಂಡಿ ತಿರುಗಿಸುವವರು ಒಬ್ಬರು, ನೋಯುವವರು ಇನ್ನೊಬ್ಬರು ಆದಾಗ ವಿಷಯ ಗಂಭೀರ. 'ಟಿಸಿಪಿ ಟಿಡಬ್ಲ್ಯು ರೀಸೈಕಲ್' ಎಂಬ ಸೆಟ್ಟಿಂಗಿನ ಕಥೆ ಅದೇ. ಸಂಪರ್ಕ ಮುಗಿದ ಮೇಲೂ ಸರ್ವರ್ ಅದರ ಗುರುತನ್ನು ಸುಮಾರು ಒಂದು ನಿಮಿಷ ಇಟ್ಟುಕೊಂಡಿರುತ್ತದೆ, ತಡವಾಗಿ ಬಂದ ಹಳೆಯ ಪ್ಯಾಕೆಟ್ ಹೊಸ ಸಂಪರ್ಕದೊಳಗೆ ಬೆರೆಯದಿರಲಿ ಎಂದು. ಬಿಡುವಿಲ್ಲದ ಸರ್ವರುಗಳಲ್ಲಿ ಇವು ಸಾವಿರಾರು ಸೇರುತ್ತವೆ. ಬೇಗ ತೆರವಾಗಲು ಈ ಸೆಟ್ಟಿಂಗನ್ನು ಚಾಲೂ ಮಾಡಿ ಎಂಬ ಸಲಹೆ 'ಸರ್ವರ್ ವೇಗ ಹೆಚ್ಚಿಸುವ' ಪಟ್ಟಿಗಳಲ್ಲೆಲ್ಲ ಇತ್ತು.

ಅದು ನಂಬಿಕೊಂಡಿದ್ದ ಸಂಗತಿ ಒಂದೇ: ಒಂದು ಐಪಿ ವಿಳಾಸದಿಂದ ಬರುವ ಪ್ಯಾಕೆಟ್ಟುಗಳ ಸಮಯದ ಮುದ್ರೆ ಏರುತ್ತಲೇ ಹೋಗುತ್ತದೆ ಎಂಬುದು. ಆದರೆ ಒಂದು ಮನೆಯ ವೈಫೈ, ಒಂದು ಕಚೇರಿ, ಮೊಬೈಲ್ ಜಾಲದ ಎಷ್ಟೋ ಫೋನುಗಳು ಒಂದೇ ಐಪಿ ವಿಳಾಸ ಹಂಚಿಕೊಳ್ಳುತ್ತವೆ, ಪ್ರತಿಯೊಂದರ ಎಣಿಕೆಯೂ ಬೇರೆ. ಎಣಿಕೆ ಹಿಂದಿರುವ ಫೋನು ಬಾಗಿಲು ತಟ್ಟಿದರೆ ಸರ್ವರ್ ಅದನ್ನು ಹಳೆಯ ಪ್ಯಾಕೆಟ್ ಎಂದುಕೊಂಡು ಸದ್ದಿಲ್ಲದೆ ಎಸೆಯುತ್ತಿತ್ತು. ಅಣ್ಣನ ಫೋನಿನಲ್ಲಿ ತೆರೆಯುವ ಜಾಲತಾಣ ಅದೇ ಮನೆಯ ತಂಗಿಯ ಫೋನಿನಲ್ಲಿ ತೆರೆಯುವುದಿಲ್ಲ, ಸ್ವಲ್ಪ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಅವರು ಬೈಯುವುದು ನೆಟ್‌ವರ್ಕನ್ನು. 2017ರ 4.12 ಆವೃತ್ತಿಯಲ್ಲಿ ಈ ಗುಂಡಿಯನ್ನು ಕಿತ್ತೇ ಹಾಕಲಾಯಿತು.

ಹಾಗಾದರೆ ಎಲ್ಲವನ್ನೂ ಬಚ್ಚಿಡಬೇಕೇ? ಅದೂ ಸರಿಯಲ್ಲ. ಒಂದು ಪ್ರೋಗ್ರಾಮ್ ಮೆಮೊರಿಯನ್ನು ಎಷ್ಟು ತುಂಡುಗಳಾಗಿ ಬಳಸಬಹುದು ಎಂಬುದಕ್ಕೆ ಲಿನಕ್ಸಿನಲ್ಲಿ 65530 ಎಂಬ ಮಿತಿಯಿದೆ. ಕೆಲವು ಆಟಗಳಿಗೆ ಇದು ಸಾಲದೆ ಆಟ ಅರ್ಧಕ್ಕೇ ನಿಲ್ಲುತ್ತಿತ್ತು. ಗುಂಡಿ ಕೈಗೆ ಸಿಗುತ್ತಿದ್ದುದರಿಂದಲೇ ಆಟಗಾರರು ಮಿತಿ ಏರಿಸಿ ಆಡಿದರು, ಸಮಸ್ಯೆ ಎಲ್ಲಿದೆ ಎಂದೂ ತಿಳಿಯಿತು. 2023ರಲ್ಲಿ ಬಂದ ಫೆಡೋರಾ 39 ತಾನೇ ಮಿತಿಯನ್ನು 1048576ಕ್ಕೆ ಏರಿಸಿತು. ಈಗ ಫೆಡೋರಾದವರು ಆ ಹೆಸರನ್ನೇ ಕೇಳಬೇಕಿಲ್ಲ. ನನ್ನ ಪ್ರಕಾರ ಇಂಥ ಸೆಟ್ಟಿಂಗಿಗೆ ಸರಿಯಾದ ಗತಿ ಇದೇ.

ಇನ್ನು ಬ್ಯಾಟರಿ. ಪ್ರೊಸೆಸರಿನ ವೇಗ ನಿಯಂತ್ರಿಸುವ ಹಲವು ಸಂಖ್ಯೆಗಳು ಕರ್ನೆಲ್‌ನೊಳಗಿವೆ. ಇತ್ತೀಚಿನ ಉಬುಂಟುವಿನಲ್ಲಿ ನಮಗೆ ಕಾಣುವುದು ಮೂರೇ ಆಯ್ಕೆ: ಬ್ಯಾಟರಿ ಉಳಿತಾಯ, ಸಮತೋಲನ, ಹೆಚ್ಚು ವೇಗ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎರಡೇ. ಇದು ಸೆಟ್ಟಿಂಗ್ಸ್ ಪುಟದಲ್ಲಿರಲು ಅರ್ಹ, ಏಕೆಂದರೆ "ಇವತ್ತು ಚಾರ್ಜರ್ ತಂದಿಲ್ಲ" ಎಂಬುದು ನನಗೆ ಗೊತ್ತು, ಕರ್ನೆಲ್‌ಗೆ ಗೊತ್ತಿಲ್ಲ. ಸ್ವಾಪಿನೆಸ್ ವಿಷಯದಲ್ಲಿ ನನಗೆ ಗೊತ್ತಿರುವುದು ಕರ್ನೆಲ್‌ಗಿಂತ ಕಡಿಮೆ. ಅದನ್ನು ಅದೇ ಪುಟದಲ್ಲಿ ಸ್ಲೈಡರ್ ಮಾಡಿ ಇಟ್ಟರೆ ಉತ್ತರ ಗೊತ್ತಿಲ್ಲದವಳಿಗೆ ಪ್ರಶ್ನೆ ಕೇಳಿದಂತೆ.

ಅದು ಪ್ರೋಕ್ ಒಳಗೇ ಇರಲಿ, ಆದರೆ ಅರ್ಥದ ಸಮೇತ ಇರಲಿ. ಕರ್ನೆಲ್ ಬರೆಯುವವರಿಗೆ ಇದು ಹೊಸದೇನಲ್ಲ. ಕರ್ನೆಲನ್ನು ಮೂಲದಿಂದ ಕಟ್ಟುವಾಗ ಬರುವ ಆಯ್ಕೆಗಳ ಜೊತೆ ಸಾಮಾನ್ಯವಾಗಿ ಸಣ್ಣ ವಿವರಣೆ ಇರುತ್ತದೆ, ಎಷ್ಟೋ ಕಡೆ ಕೊನೆಗೆ "ಖಚಿತವಿಲ್ಲದಿದ್ದರೆ ಬೇಡ ಎನ್ನಿ" ಎಂಬ ಸಲಹೆಯೂ ಸಹ. ತಜ್ಞರಿಗೆ ಸಿಗುವ ಈ ಸೌಜನ್ಯ ಅಂತರ್ಜಾಲದಿಂದ ಒಂದು ಸಾಲು ನಕಲು ಮಾಡಿ ಅಂಟಿಸುವ ವಿದ್ಯಾರ್ಥಿಗೆ ಸಿಗುತ್ತಿಲ್ಲ.

ನಾನೂ ಹಾಗೆ ಅಂಟಿಸಿದವಳೇ. ಪ್ರಬಂಧ ಬರೆಯುವಾಗ ಹಳೆಯ ಲ್ಯಾಪ್‌ಟಾಪಿನಲ್ಲಿ 'ಮೆಮೊರಿ ಖಾಲಿ ಮಾಡುವ' ಆಜ್ಞೆಯನ್ನು ಗಂಟೆಗೊಮ್ಮೆ ಓಡುವಂತೆ ಇಟ್ಟಿದ್ದೆ. ಕರ್ನೆಲ್ ಜೋಪಾನ ಮಾಡಿಟ್ಟ ಫೈಲುಗಳನ್ನೆಲ್ಲ ಅದು ಎಸೆಯುತ್ತಿತ್ತು, ಪ್ರತಿ ಸಲ ಡಿಸ್ಕಿನಿಂದ ಮತ್ತೆ ಓದಬೇಕಿತ್ತು. ಪರೀಕ್ಷೆಗಲ್ಲದೆ ಬೇರೆ ಬಳಕೆಗೆ ಅದು ಬೇಡವೆಂದು ದಾಖಲೆಯಲ್ಲಿ ಬರೆದಿದೆ. ನಾನು ಓದಿದ್ದು ಆಮೇಲೆ.

ನೀವೂ ಯಾವುದಾದರೂ ಸಂಖ್ಯೆ ಬದಲಿಸಿ ನೋಡಬೇಕೆಂದಿದ್ದರೆ ಈಗಿರುವುದನ್ನು ಮೊದಲು ಬರೆದಿಟ್ಟುಕೊಳ್ಳಿ. ಬದಲಾವಣೆಯನ್ನು ತಾತ್ಕಾಲಿಕವಾಗಿ ಮಾತ್ರ ಮಾಡಿ, ಒಂದು ಸಲಕ್ಕೆ ಒಂದೇ. ಎರಡು ದಿನ ಬಳಸಿದ ಮೇಲೂ ವ್ಯತ್ಯಾಸ ಕಾಣದಿದ್ದರೆ ರೀಸ್ಟಾರ್ಟ್ ಮಾಡಿಬಿಡಿ.