ಎಚ್ಚರಿಕೆ ಕನ್ನಡದಲ್ಲೂ ಬರಲಿ

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಮಣ್ಣುಪಾಲಾದವು. ಮಳೆಮಾಪಕಗಳ ಲೆಕ್ಕವನ್ನು ನೋಡಿದ ಕಲ್ಪೆಟ್ಟದ ಹ್ಯೂಮ್ ಕೇಂದ್ರವು ಭೂಕುಸಿತದ ಸಂಭವವನ್ನು ಹಿಂದಿನ ದಿನವೇ ತಿಳಿಸಿತ್ತೆಂದು ವರದಿಯಾಗಿದೆ. ಆದರೂ ಅನೇಕರು ಮನೆ ಬಿಟ್ಟಿರಲಿಲ್ಲ.

ಕೆಂಪು ಎಚ್ಚರಿಕೆಯೆಂದರೆ 24 ಗಂಟೆಗಳಲ್ಲಿ 204.4 ಮಿಲಿಮೀಟರಿಗೂ ಮೀರಿದ ಮಳೆಯ ಸಂಭವ. ಶಿರಿಯಾ, ಪಯಸ್ವಿನಿ ದಡದ ಕನ್ನಡ ಮನೆಗಳಿಗೆ ಇದು ಮಲಯಾಳದಲ್ಲಷ್ಟೇ ಬಂದರೆ, ಹಿರಿಯರಿಗೆ ಅರ್ಥವಾಗುವಷ್ಟರಲ್ಲಿ ಹೊಳೆ ಅಂಗಳಕ್ಕೆ ಬಂದೀತು.

2005ರ ವಿಪತ್ತು ನಿರ್ವಹಣಾ ಕಾಯಿದೆಯ 30ನೆಯ ಕಲಮು ಮುನ್ನೆಚ್ಚರಿಕೆಯನ್ನು ಜನರಿಗೆ ತಲಪಿಸುವ ಹೊಣೆಯನ್ನು ಜಿಲ್ಲಾ ಪ್ರಾಧಿಕಾರಕ್ಕೆ ವಹಿಸಿದೆ. ಅರ್ಥವಾಗದ ಎಚ್ಚರಿಕೆಯನ್ನು ತಲಪಿದ ಎಚ್ಚರಿಕೆ ಎನ್ನಲಾಗದು. ಸಂವಿಧಾನದ 350ನೆಯ ವಿಧಿಯಂತೆ ಅಹವಾಲನ್ನು ಕನ್ನಡದಲ್ಲೇ ಸಲ್ಲಿಸಬಹುದು. ನಮ್ಮ ಶಾಲೆಗಳ ರಕ್ಷಕ-ಶಿಕ್ಷಕ ಸಂಘಗಳು ಮಳೆಗಾಲಕ್ಕೆ ಮೊದಲೇ ಜಿಲ್ಲಾಧಿಕಾರಿಗಳಿಗೆ ಅಂತಹ ಮನವಿಯನ್ನು ಬರೆಯಲಿ.